ಕಡತ ಮಂಡಿಸುವಷ್ಟರಲ್ಲಿ ಆರು ಗಂಟೆ

ಬೆಳಿಗ್ಗೆ 11:20. ಕಂದಾಯ ವಿಭಾಗದ ಬಿಲ್ ಕಲೆಕ್ಟರ್ ವಯಸ್ಸಾದ ಯಜಮಾನರೊಬ್ಬರನ್ನು ನನ್ನ ಟೇಬಲ್ಲಿಗೆ ಕರೆದುಕೊಂಡು ಬಂದರು. ಯಜಮಾನರು ಏನೂ ಮಾತಾಡದೆ ಮೊಬೈಲ್ ಮುಂದೆ ಹಿಡಿದರು. ಪರದೆಯ ಮೇಲೆ ಅವರದೇ ಆಧಾರ್ ಕಾರ್ಡಿನ ಜೆರಾಕ್ಸ್. ಮೂಲೆಯಲ್ಲಿ ನಮ್ಮ ಟಪಾಲು ವಿಭಾಗದ ನೀಲಿ ಸೀಲು, ಸೀಲಿನ ಮೇಲೆ ಗುಮಾಸ್ತರ ಗೀಚು ಸಹಿ.

"ಏನಪ್ಪಾ, ಇದು ನಿಮ್ಮದೇ ಸೀಲಲ್ವಾ? ನನ್ನ ಮಗ ನನ್ನ ಹೆಸರು ಹಾಕಿ ಗೂಗಲಲ್ಲಿ ಹುಡುಕಿದ್ರೆ ಸಿಗ್ತಿದೆ."

ನಾನು ಆ ನಗರಸಭೆಯಲ್ಲಿ ಗುತ್ತಿಗೆ ಆಧಾರದ ಮೇಲೆ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೆ. ಊರಿನ ಹೆಸರು ಬೇಡ. ಯಜಮಾನರ ಮೊಬೈಲಿನಲ್ಲೇ ವಿಳಾಸದ ಕೊನೆಯ ಭಾಗ ಅಳಿಸಿ ನೋಡಿದೆ. ಇಡೀ ಫೋಲ್ಡರ್ ತೆರೆದುಕೊಂಡಿತು. ಸಾರ್ವಜನಿಕರು ಅರ್ಜಿಯ ಜೊತೆ ಕೊಟ್ಟ ಸ್ಕ್ಯಾನ್ ಪ್ರತಿಗಳು ಸಾಲಾಗಿ ಕೂತಿದ್ದವು. ಕಡತದ ಹೆಸರೇ ಮಾಲೀಕರ ಹೆಸರು, ಪಕ್ಕದಲ್ಲಿ ಆಸ್ತಿ ಸಂಖ್ಯೆ. ಅರ್ಜಿ ವ್ಯವಸ್ಥೆ ಮಾಡಿಕೊಟ್ಟಿದ್ದ ಖಾಸಗಿ ಏಜೆನ್ಸಿಯವರು ಸರ್ವರ್ ಬದಲಾಯಿಸುವಾಗ ಬ್ಯಾಕಪ್ ತೆಗೆದು, ವೆಬ್‌ಸೈಟಿನ ಒಳಗೇ ಬಿಟ್ಟು ಹೋಗಿದ್ದರು. ಹ್ಯಾಕರ್ ಬೇಕಾಗಿರಲಿಲ್ಲ. ಬಾಗಿಲೇ ಇರಲಿಲ್ಲ.

ನಾನು ಮೊದಲು ಮಾಡಿದ್ದು ಒಂದು ಚೀಟಿಯ ಮೇಲೆ ಗಂಟೆ ಬರೆದಿಟ್ಟಿದ್ದು: 11:20. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ, ಅಥವಾ ಯಾರಾದರೂ ಗಮನಕ್ಕೆ ತಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಇಲ್ಲ. ಡೇಟಾ ಬ್ರೀಚ್ (ಮಾಹಿತಿಗೆ ಅನಧಿಕೃತವಾಗಿ ಕೈಹಾಕುವುದು), ಡೇಟಾ ಲೀಕ್ (ಮಾಹಿತಿ ಸೋರಿಕೆ) ಎರಡೂ ಅದರ ಅನುಬಂಧದ ಪಟ್ಟಿಯಲ್ಲಿ ಬೇರೆಬೇರೆಯಾಗಿಯೇ ಇವೆ. ಹಾಗಾಗಿ "ಯಾರೂ ಕದ್ದಿಲ್ಲ, ಬರೀ ಕಾಣಿಸ್ತಿತ್ತು ಅಷ್ಟೆ" ಎಂದು ಜಾರಿಕೊಳ್ಳುವಂತಿಲ್ಲ. ಲೆಕ್ಕ ಶುರುವಾಗುವುದು ಏನಾಗಿದೆ ಎಂದು ನಮಗೆ ಅರ್ಥವಾದಾಗ ಅಲ್ಲ, ಯಜಮಾನರು ಮೊಬೈಲ್ ತೋರಿಸಿದಾಗ. ಅಂದರೆ ಸಂಜೆ 5:20ಕ್ಕೆ ಗಡುವು.

ಏಜೆನ್ಸಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ, "ಸರ್, ಎರಡೇ ನಿಮಿಷ, ಫೋಲ್ಡರ್ ಡಿಲೀಟ್ ಮಾಡಿಬಿಡ್ತೀನಿ" ಅಂದ. ಪಾಪ, ಅವನದು ಸಹಾಯ ಮಾಡುವ ಉತ್ಸಾಹವೇ. ಆದರೆ ಅಳಿಸಿಬಿಟ್ಟರೆ ಯಾರ್ಯಾರ ದಾಖಲೆ ಹೊರಗಿತ್ತು ಎಂಬ ಪಟ್ಟಿಯೂ ಹೋಗುತ್ತದೆ. ಫೋಲ್ಡರನ್ನು ವೆಬ್‌ಸೈಟಿನಿಂದ ಹೊರಗೆ ಸರಿಸಲು ಹೇಳಿ, ಅದರದ್ದೂ, ಯಾರು ಯಾವಾಗ ಏನು ತೆರೆದರು ಎಂದು ಸರ್ವರ್ ಬರೆದಿಡುವ ಲಾಗ್‌ಗಳದ್ದೂ ಒಂದೊಂದು ಪ್ರತಿ ಇಸಿದುಕೊಂಡೆ. ಗೂಗಲ್‌ನಿಂದ ತೆಗೆಸುವ ಕೋರಿಕೆಯನ್ನೂ ಆಗಲೇ ಹಾಕಿಸಿದೆ.

ಲಾಗ್ ತೆರೆದಾಗ ಹೊಟ್ಟೆ ತೊಳೆಸಿದಂತಾಯಿತು. ಬೆಳಗಿನ ಜಾವ 5:10ರಿಂದ ಒಂದೇ ವಿಳಾಸದಿಂದ ಒಂದರ ಹಿಂದೊಂದು ಫೈಲ್ ತೆರೆದಿದ್ದಾರೆ. ಏಜೆನ್ಸಿಯ ಹುಡುಗ "ಹೊರದೇಶದವರೇ ಸರ್" ಎಂದು ತೀರ್ಪು ಕೊಟ್ಟೂ ಆಗಿತ್ತು. ಅರ್ಧ ಗಂಟೆ ಆ ಕಳ್ಳನ ಹಿಂದೆ ಬಿದ್ದ ಮೇಲೆ ಗೊತ್ತಾಯಿತು: ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ. ಅಷ್ಟು ಕೂಡಿಸಿದರೆ 10:40. ಅದು ಯಜಮಾನರ ಮಗ, ಅಪ್ಪನ ದಾಖಲೆ ಇನ್ನೆಷ್ಟಿವೆ ಎಂದು ಹುಡುಕಿದ್ದು. ಸರ್ವರ್‌ಗಳ ಸಮಯವನ್ನು ಎನ್‌ಐಸಿ (ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಡಿ ಎಂದು ಅದೇ ನಿರ್ದೇಶನದಲ್ಲಿದೆ, ಆದರೆ ಹಾಗೆ ಹೊಂದಿಸಿದ ಗಡಿಯಾರವೂ ಯುಟಿಸಿಯಲ್ಲೇ ಇರಬಹುದು. ಆ ನಿರ್ದೇಶನ ಓದಿದ್ದಾಗ ಗಡಿಯಾರದಷ್ಟು ಸಣ್ಣ ವಿಷಯಕ್ಕೂ ಒಂದು ನಿಯಮವೇ ಅಂದುಕೊಂಡಿದ್ದೆ.

ಇನ್ನೊಂದು ನೋವು ಲಾಗ್‌ನ ವಯಸ್ಸು. 180 ದಿನ ಇಡಬೇಕಾದ ಜಾಗದಲ್ಲಿ 14 ದಿನದ್ದು ಮಾತ್ರ ಇತ್ತು. ಉಬುಂಟು ಸರ್ವರಿನಲ್ಲಿ ಎನ್‌ಜಿನ್ಎಕ್ಸ್ ಎಂಬ ವೆಬ್ ತಂತ್ರಾಂಶ ಹಾಕಿ ಮುಟ್ಟದೆ ಬಿಟ್ಟರೆ ಅದು ಇಟ್ಟುಕೊಳ್ಳುವುದೇ ಅಷ್ಟು. ಫೋಲ್ಡರ್ ತೆರೆದು ಬಿದ್ದಿದ್ದದ್ದು ಸುಮಾರು ನಾಲ್ಕು ತಿಂಗಳು. ಮೊದಲ ಮೂರೂವರೆ ತಿಂಗಳಲ್ಲಿ ಯಾರು ಬಂದು ಹೋದರೋ, ಇವತ್ತಿಗೂ ಗೊತ್ತಿಲ್ಲ.

ಇಷ್ಟಾಗುವಾಗ ಮಧ್ಯಾಹ್ನ 1:15. ತಾಂತ್ರಿಕ ಕೆಲಸ ಮುಗಿದಿತ್ತು, ಕಚೇರಿಯ ಕೆಲಸ ಶುರುವಾಗಿರಲಿಲ್ಲ. ಪದ್ಧತಿ ನಿಮಗೆ ಗೊತ್ತೇ ಇದೆ: ಟಿಪ್ಪಣಿ ಬರೆಯಬೇಕು, ಕಡತ ಕೇಸ್ ವರ್ಕರ್ ಕೈಯಿಂದ ವ್ಯವಸ್ಥಾಪಕರಿಗೆ, ಅಲ್ಲಿಂದ ಪೌರಾಯುಕ್ತರಿಗೆ. ಅವರು ಸಹಿ ಮಾಡಿದರೆ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ, ಪೌರಾಡಳಿತ ನಿರ್ದೇಶನಾಲಯಕ್ಕೆ ಪತ್ರ. ಆ ದಾರಿಯಲ್ಲಿ ಹೋದರೆ ಆರು ಗಂಟೆಯಲ್ಲ, ಆರು ದಿನವೂ ಸಾಲದು. ಪೌರಾಯುಕ್ತರು ಡಿಸಿ ಆಫೀಸಿನ ಸಭೆಯಲ್ಲಿದ್ದರು. ವಾಟ್ಸಾಪಿನಲ್ಲಿ ನಾಲ್ಕು ಸಾಲು ಕಳಿಸಿದೆ. ಹೊರಗೆ ಬಂದು ಫೋನ್ ಮಾಡಿದವರು ಕೇಳಿದ್ದು ಒಂದೇ ಪ್ರಶ್ನೆ: "ಪೂರ್ತಿ ತನಿಖೆ ಆಗದೆ ಹೇಗ್ರೀ ಬರೆಯೋದು?"

ಎಲ್ಲ ಕಡೆಯೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸರ್ಟ್-ಇನ್ ಆಮೇಲೆ ಕೊಟ್ಟ ಪ್ರಶ್ನೋತ್ತರದಲ್ಲಿ ಇದಕ್ಕೆ ಉತ್ತರವಿದೆ: ಆರು ಗಂಟೆಯೊಳಗೆ ಕೈಯಲ್ಲಿರುವಷ್ಟು ಮಾಹಿತಿ ಕೊಡಿ, ಉಳಿದದ್ದನ್ನು ಆಮೇಲೆ ಕಳಿಸಿ. ಆ ಸಾಲನ್ನು ಓದಿ ಹೇಳಿದೆ. "ಸರಿ, ನನ್ನ ಹೆಸರಲ್ಲೇ ಹೋಗಲಿ" ಅಂದರು. ಅವರ ಬಗ್ಗೆ ನನಗಿರುವ ಗೌರವ ಆ ಒಂದು ಮಾತಿಗೆ.

ವರದಿಯಲ್ಲಿ ಬರೆದದ್ದು ಇಷ್ಟೆ: ಯಾವಾಗ, ಯಾರಿಂದ ತಿಳಿಯಿತು, ಯಾವ ಸರ್ವರ್, ಅದರ ಐಪಿ, ಯಾವ ಬಗೆಯ ದಾಖಲೆ, ಈವರೆಗೆ ಏನು ಮಾಡಿದ್ದೇವೆ. ಎಷ್ಟು ಜನರದ್ದು ಎಂಬ ಕಡೆ "ಎಣಿಕೆ ನಡೆಯುತ್ತಿದೆ" ಎಂದು ಹಾಕಿದೆ. ಊಹೆಯ ಅಂಕಿ ಬರೆದರೆ ಮುಂದೆ ಅದನ್ನೇ ಸಮರ್ಥಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ.

ಆಮೇಲೆ ಕಚೇರಿಯ ಇಮೇಲ್ ತೆರೆಯಲು ಹೋದರೆ ಒಟಿಪಿ ಬರಲಿಲ್ಲ. ಬಂದಿತ್ತು, ಆದರೆ ಎಂಟು ತಿಂಗಳ ಹಿಂದೆ ವರ್ಗವಾಗಿ ಹೋದ ವ್ಯವಸ್ಥಾಪಕರ ಮೊಬೈಲಿಗೆ. ಅವರು ಮದುವೆ ಮನೆಯಲ್ಲಿದ್ದರು. ವಾಲಗದ ಸದ್ದಿನ ನಡುವೆ ಆರು ಅಂಕಿ ಕೂಗಿ ಹೇಳಿದರು, ಒಮ್ಮೆ ತಪ್ಪಾಯಿತು, ಮತ್ತೆ ಕೂಗಿದರು. ಅದಕ್ಕೇ ಐವತ್ತು ನಿಮಿಷ ಹೋಯಿತು. ಮೇಲ್ ಹೊರಟಿದ್ದು 4:52ಕ್ಕೆ. ಜೊತೆಗೆ ಸರ್ಟ್-ಇನ್‌ನ ಸಹಾಯವಾಣಿ 1800-11-4949ಕ್ಕೂ ಫೋನ್ ಮಾಡಿ ಹೇಳಿದೆ. ಕಡತ ಮರುದಿನ ನಿಧಾನವಾಗಿ ಮಂಡನೆಯಾಯಿತು.

ಜನರಿಗೆ ತಿಳಿಸುವ ವಿಚಾರದಲ್ಲಿ ಜಗಳವೇ ಆಯಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಮಾಡಿದ ಡಿಪಿಡಿಪಿ ಕಾಯ್ದೆ 2023ರಲ್ಲೇ ಬಂದಿದ್ದರೂ ನಿಯಮಗಳು ಪ್ರಕಟವಾಗಿರಲಿಲ್ಲ. "ಕಡ್ಡಾಯ ಇಲ್ಲವಲ್ಲ, ಯಾಕೆ ಮೈಮೇಲೆ ಎಳಕೊಳ್ಳೋದು" ಎಂಬ ವಾದ. (ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಬ್ರೀಚ್ ಕುರಿತ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟರು. ಬಂದ ಮೇಲೆ ಬಾಧಿತರಿಗೆ ತಡಮಾಡದೆ ತಿಳಿಸಬೇಕು, ಆ ಕಾಯ್ದೆಯಡಿಯ ಡೇಟಾ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು, ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ.) ಕೊನೆಗೆ ಪತ್ರ ಕಳಿಸುವುದೆಂದಾಯಿತು. ಮೊದಲ ಕರಡಿನಲ್ಲಿ "ತಾಂತ್ರಿಕ ಕಾರಣಗಳಿಂದಾಗಿ ಕೆಲವು ದಾಖಲೆಗಳ ಗೋಪ್ಯತೆಗೆ ಸಂಬಂಧಿಸಿದಂತೆ" ಎಂದೆಲ್ಲ ಇತ್ತು. ನಾನು ಹಟ ಹಿಡಿದು ಬದಲಾಯಿಸಿದೆ: "ನೀವು ಕೊಟ್ಟ ಆಧಾರ್ ಪ್ರತಿ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತೆ ಇತ್ತು. ತಪ್ಪು ನಮ್ಮದು." ಕೆಳಗೆ ಎರಡು ಸಲಹೆ: ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೈಯಲು ಬಂದವರು ಏಳೆಂಟು ಜನ, ಅಷ್ಟೇ. ಅರ್ಜಿ ಜೊತೆ ಪೂರ್ತಿ ಆಧಾರ್ ಕೇಳುವುದನ್ನೂ ಆಮೇಲೆ ನಿಲ್ಲಿಸಿದೆವು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು.

ಪೌರಾಯುಕ್ತರಿಂದ ಒಂದು ಕಚೇರಿ ಆದೇಶ ಮಾಡಿಸಿಟ್ಟುಕೊಂಡೆ: ಇಂಥ ಘಟನೆಯಾದರೆ ಗೊತ್ತುಪಡಿಸಿದ ಇಬ್ಬರಲ್ಲಿ ಯಾರಾದರೂ ಕಡತಕ್ಕೆ ಕಾಯದೆ ವರದಿ ಕಳಿಸಬಹುದು. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅನ್ನಿಸುತ್ತದೆ. ಏಜೆನ್ಸಿಯ ಮುಂದಿನ ಕರಾರಿನಲ್ಲಿ ಎರಡು ಗಂಟೆಯೊಳಗೆ ನಮಗೆ ತಿಳಿಸಬೇಕು, 180 ದಿನದ ಲಾಗ್ ಇಡಬೇಕು ಎಂದು ಸೇರಿಸಿದೆವು. ಫೋನ್ ನಂಬರುಗಳ ಒಂದು ಹಾಳೆ ಗೋಡೆಗೆ ಅಂಟಿಸಿದೆವು.

ಆರು ತಿಂಗಳ ಮೇಲೆ ಸುಳ್ಳು ಘಟನೆಯೊಂದನ್ನು ಇಟ್ಟುಕೊಂಡು ತಾಲೀಮು ಮಾಡಿದೆವು. ವರದಿ ಒಂದೂವರೆ ಗಂಟೆಯಲ್ಲಿ ಸಿದ್ಧ. ಹಾಳೆಯಲ್ಲಿದ್ದ ಏಜೆನ್ಸಿಯ ಹುಡುಗ ಮಾತ್ರ ಆ ಕೆಲಸ ಬಿಟ್ಟು ಹೋಗಿದ್ದ. ಹಳೆಯ ನಂಬರ್ ಹೊಡೆದುಹಾಕಿ ಹೊಸದನ್ನು ಪೆನ್ನಿನಲ್ಲಿ ಬರೆದೆ. ಹಾಳೆಯನ್ನು ಮತ್ತೆ ಟೈಪ್ ಮಾಡಿಸಲು ಅನುಮತಿ ಕೋರಿ ಕಡತ ಮಂಡಿಸಲಾಗಿದೆ.