ಜಾಗದ ಮರದಲ್ಲಿ ಕಡಲ ಹದ್ದಿನ ಗೂಡು ಉಂಟಾ? ಕಡಿಯುವ ಮೊದಲು ಇಷ್ಟು ಮಾಡಿ

ಕಾಪು, ಉಚ್ಚಿಲ, ಸಸಿಹಿತ್ಲು ಕಡೆ ಕಡಲ ಬದಿಯಲ್ಲಿ ಜಾಗ ತಗೊಂಡು ಮನೆ ಕಟ್ಟುವಾ ಅಂತ ಹೊರಟವರಿಗೆ ಈ ತಲೆಬಿಸಿ ಬರುದುಂಟು, ಮರ ಕಡಿಯುವವ ಮೇಲೆ ನೋಡಿ "ಗೂಡು ಉಂಟಲ್ಲ, ಎಂತ ಮಾಡುದು" ಅಂತ ಕೇಳ್ತಾನೆ.

ಮೊದಲು ಗೂಡು ಯಾರದ್ದು ನೋಡಿ. ದಕ್ಕೆಯಲ್ಲಿ (ದೋಣಿ ನಿಲ್ಲುವ ಜಾಗ) ಮೀನಿಗೆ ಸುತ್ತುವ ಕೆಂಪು ಮೈಯ ಗರುಡ ಬೇರೆ. ಕಡಲ ಹದ್ದು ಅದಕ್ಕಿಂತ ತುಂಬಾ ದೊಡ್ಡದು, ತಲೆ ಹೊಟ್ಟೆ ಬಿಳಿ, ರೆಕ್ಕೆ ಬೂದಿ ಬಣ್ಣ, ಬಿಡಿಸಿದ್ರೆ ಎರಡು ಮೀಟರ್ ಹತ್ತಿರ. ಗೂಡು ಅಂದ್ರೆ ಒಂದು ಹೊರೆ ಕಟ್ಟಿಗೆ, ಮರದ ಬುಡದಲ್ಲಿ ಮೀನಿನ ಮುಳ್ಳು, ಕೆಲವೊಮ್ಮೆ ಕಡಲ ಹಾವಿನ ತುಂಡೂ ಬಿದ್ದಿರ್ತದೆ, ವಾಸನೆಯಲ್ಲೇ ಗೊತ್ತಾಗ್ತದೆ.

ಇನ್ನು ಕಾನೂನು. ಇಲ್ಲಿ ತುಂಬಾ ಜನ ಎಡವುದು. ಗಾಳಿಮರ, ತೆಂಗು ಕಡಿಲಿಕ್ಕೆ ಪರ್ಮಿಷನ್ ಬೇಡ ಅಂತಾರೆ, ಸರಿಯೇ, 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಉಂಟು, ಆದ್ರೆ ಗೂಡಿಗೆ ಆ ಕಾಯ್ದೆ ಅಲ್ಲ ಮಾರಾಯ್ರೆ, 1972ರ ವನ್ಯಜೀವಿ ಕಾಯ್ದೆ. ಅದರಲ್ಲಿ ಬೇಟೆ ಅಂದ್ರೆ ಕೋವಿ ಹಿಡಿಯುದು ಮಾತ್ರ ಅಲ್ಲ, ಮೊಟ್ಟೆ ಒಡೆಯುದು, ಗೂಡಿಗೆ ತೊಂದರೆ ಕೊಡುದೂ ಬೇಟೆಯೇ. ಕಡಲ ಹದ್ದು ಅದರ ಒಂದನೇ ಶೆಡ್ಯೂಲಿನಲ್ಲಿ, ಅಂದ್ರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ ಉಂಟು, ಶಿಕ್ಷೆ 3ರಿಂದ 7 ವರ್ಷ ಜೈಲು, ಮೇಲಿಂದ ದಂಡ, 2022ರ ತಿದ್ದುಪಡಿ ನಂತರ ಕನಿಷ್ಠ 25,000 ರೂಪಾಯಿ. ಜಾಗ ನಿಮ್ಮದು, ಆರ್‌ಟಿಸಿ ನಿಮ್ಮ ಹೆಸರಲ್ಲಿ, ಹಕ್ಕಿ ಮಾತ್ರ ಸರ್ಕಾರದ್ದು.

ಹಾಗಾಗಿ ದೂರದಿಂದಲೇ ಫೋಟೋ ತೆಗೀರಿ. ಮರ ಹತ್ತುದು, ಡ್ರೋನ್ ಬಿಡುದು ಬೇಡವೇ ಬೇಡ. ಅರಣ್ಯ ಇಲಾಖೆಯ ಹೆಲ್ಪ್‌ಲೈನ್ 1926ಕ್ಕೆ ಹೇಳಿ, ಆದ್ರೆ ಫೋನು ಒಂದೇ ಸಾಲದು, ನಿಮ್ಮ ರೇಂಜ್ ಆಫೀಸಿಗೆ ಹೋಗಿ ಸರ್ವೆ ನಂಬರ್, ಮರ ಯಾವುದು, ಹಕ್ಕಿ ಕೂತಿದೆಯಾ ಎಲ್ಲ ಬರೆದು ಅರ್ಜಿ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸಿ ಇಟ್ಕೊಳ್ಳಿ. ಮರ ಕಡಿಯುವ ಅರ್ಜಿ ಬೇರೆ ಹಾಕುದಿದ್ರೆ ಅದರಲ್ಲೂ ಗೂಡಿನ ವಿಷಯ ಬರೀರಿ, ಮುಚ್ಚಿಟ್ರೆ ನಾಳೆ ಆ ಪರ್ಮಿಷನ್ ನಿಮ್ಮನ್ನು ಉಳಿಸುದಿಲ್ಲ.

ಆಮೇಲೆ ರೇಂಜರ್ ಬಂದು ನೋಡುವವರೆಗೆ ಕಾಯ್ಬೇಕು. ಮೊಟ್ಟೆಗೆ ಸುಮಾರು 6 ವಾರ ಕಾವು, ಮರಿ ಹಾರ್ಲಿಕ್ಕೆ ಮತ್ತೆ ಎರಡು ಎರಡೂವರೆ ತಿಂಗಳು, ಕಾಂಟ್ರಾಕ್ಟರಿಗೆ ಮೊದಲೇ ಹೇಳಿಡಿ. ಮಳೆಗಾಲದಲ್ಲಿ ಗೂಡು ಖಾಲಿ ಕಂಡ್ರೂ ನೀವೇ ತೀರ್ಮಾನ ಮಾಡ್ಬೇಡಿ, ಅದೇ ಜೋಡಿ ವರ್ಷ ವರ್ಷ ಅದೇ ಗೂಡಿಗೆ ಕಟ್ಟಿಗೆ ಸೇರಿಸ್ತದೆ.

ಗಾಳಿಗೆ ಮರಿ ಕೆಳಗೆ ಬಿದ್ರೆ ಬೂತಾಯಿ ಮೀನು ಹಾಕಿ ಸಾಕ್ಲಿಕ್ಕೆ ಹೊರಡ್ಬೇಡಿ, ನಾಯಿ ಬಾರದ ಹಾಗೆ ರಟ್ಟಿನ ಬಾಕ್ಸಲ್ಲಿಟ್ಟು ಕೂಡ್ಲೇ ಫೋನ್ ಮಾಡಿ, ಹಿಡಿದವರು 48 ಗಂಟೆ ಒಳಗೆ ಅರಣ್ಯದವರಿಗೋ ಪೊಲೀಸರಿಗೋ ತಿಳಿಸ್ಲೇಬೇಕು.