ಮೊದಲ ಭೇಟಿಯ ಒಂದು ಗಂಟೆ: ಲೈಫ್ ಕೋಚ್ ಆಗಬೇಕೆಂದಿರುವವರಿಗೆ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಎಂದರೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳ ತರಗತಿ. ನಾನು ಮಾಡುವ ಕೋಚಿಂಗ್ ಬೇರೆ: ಎದುರಿನವರ ಮಾತು ಕೇಳಿ, ಪ್ರಶ್ನೆ ಕೇಳಿ, ತಮ್ಮ ಬದುಕಿನ ನಿರ್ಧಾರವನ್ನು ಅವರೇ ತೆಗೆದುಕೊಳ್ಳಲು ನೆರವಾಗುವುದು. ಆದರೂ ನನ್ನ ಬಳಿಗೆ ಬರುವವರಲ್ಲಿ ಬಹಳಷ್ಟು ಜನ ಅದೇ ಓಣಿಗಳ ಹುಡುಗ ಹುಡುಗಿಯರು. ಪದವಿ ಮುಗಿದು ವರ್ಷಗಳಾಗಿರುತ್ತವೆ, ಅಧಿಸೂಚನೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಹಬ್ಬಕ್ಕೆ ಊರಿಗೆ ಹೋಗಲೂ ಮನಸ್ಸಾಗುವುದಿಲ್ಲ. ಅವರಿಗೆ ಸಲಹೆಯ ಕೊರತೆ ಖಂಡಿತ ಇಲ್ಲ. ಸೋದರಮಾವ, ಮಾಸ್ತರು, ಪಿಜಿ ನಡೆಸುವವರು, ಎಲ್ಲರೂ ಹೇಳಿಯಾಗಿರುತ್ತದೆ. ನಡುವೆ ಬಾಯಿ ಹಾಕದೆ ಒಂದು ಗಂಟೆ ಕೇಳಿಸಿಕೊಂಡವರು ಮಾತ್ರ ಸಿಕ್ಕಿರುವುದಿಲ್ಲ. ಲೈಫ್ ಕೋಚ್‌ಗೆ ಕೆಲಸವಿರುವುದು ಅಲ್ಲಿ. ಈ ವೃತ್ತಿಗೆ ಬರಬೇಕೆಂದು ಕೇಳುವವರಿಗೆ ನಾನು ಮೊದಲ ಭೇಟಿಯ ಬಗ್ಗೆಯೇ ಹೆಚ್ಚು ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿರುತ್ತದೆ.

ಭೇಟಿಗಿಂತ ಮೊದಲು ಇತ್ಯರ್ಥವಾಗಬೇಕಾದ ಒಂದು ಸಂಗತಿ ಇದೆ. ಫೋನ್ ಮಾಡುವವರು ಬಹಳ ಸಲ ತಂದೆಯೋ ಅಣ್ಣನೋ ಆಗಿರುತ್ತಾರೆ. “ಮಗನಿಗೆ ಸ್ವಲ್ಪ ತಿಳಿಸಿ ಹೇಳಿರಿ ಮೇಡಂ, ಫೀಸು ನಾನು ಕೊಡುತ್ತೇನೆ” ಎನ್ನುತ್ತಾರೆ. ಅವರ ಕಳಕಳಿ ನಿಜವಾದದ್ದು, ಗೌರವದಿಂದಲೇ ಉತ್ತರಿಸಿ: ಹಣ ನೀವು ಕೊಡಬಹುದು, ಆದರೆ ಒಳಗೆ ನಡೆದ ಮಾತು ನಿಮಗೆ ತಿಳಿಯುವುದಿಲ್ಲ, ಮತ್ತು ನಿಮ್ಮ ಮಗ ತಾನಾಗಿಯೇ ನನಗೆ ಫೋನ್ ಮಾಡಬೇಕು. ಮಗ ಫೋನ್ ಮಾಡದಿದ್ದರೆ ಭೇಟಿ ಇಲ್ಲ. ಮನೆಯವರು ದೂಡಿ ಕಳಿಸಿದವರ ಜೊತೆ ಕೋಚಿಂಗ್ ನಡೆಯುವುದಿಲ್ಲ, ಅಲ್ಲಿ ನೀವು ಅಪ್ಪನ ಇನ್ನೊಂದು ದನಿಯಾಗುತ್ತೀರಿ.

ಬಂದು ಕುಳಿತ ಮೇಲೆ ಮೊದಲ ಹತ್ತು ನಿಮಿಷ ಒಪ್ಪಂದಕ್ಕೆ ಮೀಸಲು. ಎಷ್ಟು ಭೇಟಿಗಳು, ಎಷ್ಟು ದಿನಕ್ಕೊಮ್ಮೆ, ಫೀಸು ಎಷ್ಟು, ಬರಲಾಗದಿದ್ದರೆ ಯಾವಾಗ ತಿಳಿಸಬೇಕು ಎಂಬುದನ್ನೆಲ್ಲ ಸರಳ ಕನ್ನಡದಲ್ಲಿ ಒಂದೇ ಪುಟದಲ್ಲಿ ಬರೆದಿಡಿ. ಗುಟ್ಟು ಕಾಯುತ್ತೇನೆ ಎಂದು ಬರೆಯುವಾಗ ಅದರ ಮಿತಿಯನ್ನೂ ಬರೆಯಿರಿ: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯವಿದೆ ಎನಿಸಿದರೆ ನಾನು ಸುಮ್ಮನಿರುವುದಿಲ್ಲ. ಇದನ್ನು ಬಾಯಲ್ಲಿಯೂ ಹೇಳಿ.

ನಂತರ ಕೇಳಬೇಕಾದದ್ದು, “ಇವತ್ತು ಇಲ್ಲಿಂದ ಎದ್ದು ಹೋಗುವಾಗ ಯಾವ ವಿಷಯ ಸ್ಪಷ್ಟವಾಗಿದ್ದರೆ ನಿಮಗೆ ಸಮಾಧಾನ?” ಮೊದಲು ಬರುವ ಉತ್ತರ ಸಾಮಾನ್ಯವಾಗಿ ದೊಡ್ಡದು: “ಕೆಎಎಸ್ ಪಾಸಾಗಬೇಕು.” ಅದು ಆಯೋಗದ ಕೈಯಲ್ಲಿರುವ ಫಲಿತಾಂಶ. ಇವತ್ತಿನ ಒಂದು ಗಂಟೆಗೆ ಹೊಂದುವಷ್ಟು ಚಿಕ್ಕದಾಗುವವರೆಗೆ ಕೇಳುತ್ತಾ ಹೋಗಬೇಕು.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸವದತ್ತಿ ಕಡೆಯ ಹುಡುಗಿಯೊಬ್ಬಳು ಬಂದವಳೇ, “ಇನ್ನೊಂದು ಸಲ ಪರೀಕ್ಷೆ ಬರೆಯಲೋ ಬೇಡವೋ, ನೀವೇ ಹೇಳಿಬಿಡಿ” ಎಂದಳು. ನಾನು ಹೇಳಲಿಲ್ಲ. “ಇನ್ನೊಂದು ಸಲ ಬರೆದರೆ ಈ ಬಾರಿ ಯಾವುದು ಬೇರೆ ಇರಬೇಕು?” ಎಂದು ಕೇಳಿ ಸುಮ್ಮನಾದೆ. ಬಹಳ ಹೊತ್ತು ಅವಳೂ ಸುಮ್ಮನಿದ್ದಳು. ಆಮೇಲೆ ಹೇಳಿದಳು, “ಈ ಸಲ ಅಣ್ಣನ ಹತ್ತಿರ ದುಡ್ಡು ಕೇಳುವಂತಿರಬಾರದು.” ಪಠ್ಯಕ್ರಮದ ವಿಷಯ ಅಲ್ಲಿಗೆ ಪಕ್ಕಕ್ಕೆ ಸರಿಯಿತು. ಪ್ರತಿ ತಿಂಗಳು ಪಿಜಿ ಬಾಡಿಗೆಗಾಗಿ ಅಣ್ಣನಿಗೆ ಫೋನ್ ಮಾಡಬೇಕಾದ ದಿನ ಹತ್ತಿರವಾದಂತೆ ಅವಳ ಓದು ನಿಂತುಹೋಗುತ್ತಿತ್ತು. ಆ ದಿನ ನಾವು ಮಾತನಾಡಿದ್ದು ಅರ್ಧ ದಿನದ ಒಂದು ಕೆಲಸ ಹುಡುಕುವ ಬಗ್ಗೆ ಮತ್ತು ಅಣ್ಣನ ಎದುರು ಯಾವ ಮಾತನ್ನು ಹೇಗೆ ಎತ್ತಬೇಕೆಂಬುದರ ಬಗ್ಗೆ. ಬರೆಯಬೇಕೆಂದೋ ಬೇಡವೆಂದೋ ನಾನು ಹೇಳಿಬಿಟ್ಟಿದ್ದರೆ ಅಣ್ಣನ ಮಾತು ಹೊರಗೆ ಬರುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದ ಮೇಲೆ ತಡೆದುಕೊಳ್ಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಅಭ್ಯಾಸ. ಉತ್ತರ ತಡವಾಯಿತೆಂದು ಎರಡನೆಯ ಪ್ರಶ್ನೆ ಸುರಿಯಬೇಡಿ. ನಿಮ್ಮದೇ ಕಥೆ ಶುರು ಮಾಡಬೇಡಿ. “ಯಾಕೆ ಓದಲಿಲ್ಲ?” ಎಂದರೆ ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ, “ಓದಲು ಕುಳಿತಾಗ ಏನಾಗುತ್ತದೆ?” ಎಂದರೆ ನೆನಪಿಸಿಕೊಂಡು ಹೇಳುತ್ತಾರೆ.

ಮಾತುಕತೆಗೆ ಒಂದು ಚೌಕಟ್ಟು ಬೇಕೆನ್ನುವವರಿಗೆ ‘ಗ್ರೋ’ ಮಾದರಿ ಇದೆ. ಬ್ರಿಟನ್ನಿನ ಜಾನ್ ವಿಟ್ಮೋರ್ ಇದನ್ನು ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರು. ಗುರಿ, ಈಗಿನ ಸ್ಥಿತಿ, ಇರುವ ದಾರಿಗಳು, ಮಾಡುವ ನಿರ್ಧಾರ, ಇವು ಅದರ ನಾಲ್ಕು ಹಂತಗಳು. ಹೊಸಬರು ಗುರಿ ಕೇಳಿದ ಕೂಡಲೇ ದಾರಿಗಳಿಗೆ ಓಡುತ್ತಾರೆ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಸಮಯ ಸಲ್ಲಬೇಕಾದದ್ದು ಎರಡನೆಯ ಹಂತಕ್ಕೆ. ಕಳೆದ ವಾರ ಸಂಜೆ ಆರರಿಂದ ಒಂಬತ್ತರವರೆಗೆ ಏನು ಮಾಡಿದಿರಿ? ತಿಂಗಳ ಖರ್ಚು ಎಷ್ಟು? ಈ ವಿಷಯ ಮನೆಯಲ್ಲಿ ಯಾರಿಗೆ ಗೊತ್ತಿದೆ? ಇಂಥ ಸಣ್ಣ, ನಿಖರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವಾಗಲೇ ಅನೇಕರಿಗೆ ದಾರಿ ಕಾಣಿಸತೊಡಗುತ್ತದೆ.

ಕೊನೆಯ ಹತ್ತು ನಿಮಿಷದಲ್ಲಿ ಒಂದೇ ಒಂದು ಹೆಜ್ಜೆ ಗೊತ್ತುಮಾಡಿ. ಅದನ್ನು ಅವರೇ ಹೇಳಬೇಕು, ದಿನ ಮತ್ತು ಹೊತ್ತು ಸಹಿತ. ಅದಕ್ಕೆ ಅಡ್ಡ ಬರಬಹುದಾದದ್ದು ಯಾವುದೆಂದೂ ಕೇಳಿ. ಅವರು ಹೋದ ಮೇಲೆ ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಂಡು, ಆ ಪುಸ್ತಕವನ್ನು ಬೀಗ ಹಾಕಿಡಿ.

ಈಗ ನಾನು ತುಂಬಾ ಕಟ್ಟುನಿಟ್ಟಾಗಿರುವ ವಿಷಯ. ವಾರಗಟ್ಟಲೆ ನಿದ್ರೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎನ್ನುವವರಿಗೆ ಬೇಕಾಗಿರುವುದು ವೈದ್ಯರು. ಸಾವಿನ ಮಾತು ಸುಳಿದರೆ, “ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ?” ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಬೇಡ. ಹೌದೆಂದರೆ ಅವರನ್ನು ಒಂಟಿಯಾಗಿ ಕಳಿಸಬೇಡಿ. ನಮ್ಮ ಊರಿನಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಎಲ್ಲಿಂದಲಾದರೂ ಹಗಲು ರಾತ್ರಿ ಕರೆ ಮಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. 2022ರಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆ ಸಂಖ್ಯೆಯನ್ನು ಒಪ್ಪಂದದ ಪುಟದ ಕೆಳಗೇ ಮುದ್ರಿಸಿಡಿ.

ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ನಮ್ಮ ದೇಶದಲ್ಲಿ ಓದು, ನೋಂದಣಿ ಎಲ್ಲಕ್ಕೂ ಕಾನೂನಿದೆ. ಲೈಫ್ ಕೋಚ್ ಎಂದು ಬೋರ್ಡ್ ಹಾಕಲು ಯಾವ ಸರ್ಕಾರಿ ಪರವಾನಗಿಯೂ ಬೇಡ. ಅದಕ್ಕಾಗಿಯೇ ತರಬೇತಿಯಲ್ಲಿ ರಾಜಿ ಬೇಡ. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಐಸಿಎಫ್ ಎಂಬ ಕೋಚ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಮೊದಲ ಹಂತದ ಮಾನ್ಯತೆ ಎಸಿಸಿ. ಅದಕ್ಕೆ ಕನಿಷ್ಠ 60 ಗಂಟೆಗಳ ತರಬೇತಿ, 10 ಗಂಟೆಗಳ ಮೆಂಟರ್ ಮಾರ್ಗದರ್ಶನ, 100 ಗಂಟೆಗಳ ಕೋಚಿಂಗ್ ಅನುಭವ ಬೇಕು, ಮುಂದಿನ ಹಂತವಾದ ಪಿಸಿಸಿಗೆ 500 ಗಂಟೆಗಳ ಅನುಭವ. ಎರಡು ದಿನದ ಕಾರ್ಯಾಗಾರದ ಪ್ರಮಾಣಪತ್ರವನ್ನು ನಂಬಿ ಇನ್ನೊಬ್ಬರ ಬದುಕಿನ ಮಾತಿಗೆ ಕೂರಬೇಡಿ. ಸಂಸ್ಥೆ ಆರಿಸುವಾಗ ಒಂದನ್ನು ವಿಚಾರಿಸಿ: ನಾನು ನಡೆಸಿದ ಮಾತುಕತೆಯ ಧ್ವನಿಮುದ್ರಣವನ್ನು ಅನುಭವಿಗಳು ಕೇಳಿ, ತಿದ್ದಿ ಹೇಳುತ್ತಾರೆಯೇ? ತರಬೇತಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಆದರೆ ಅಭ್ಯಾಸದ ಭೇಟಿಗಳನ್ನು ನೀವು ಕನ್ನಡದಲ್ಲೇ ನಡೆಸಿ.

ಆ 100 ಗಂಟೆಗಳು ಕೂಡುವವರೆಗೆ ಇರುವ ನೌಕರಿ ಬಿಡಬೇಡಿ. ಹತ್ತಿರದ ನೆಂಟರಿಗೆ ಕೋಚ್ ಆಗಬೇಡಿ. ಫೀಸನ್ನು ಮೊದಲ ಫೋನಿನಲ್ಲೇ ಸಂಕೋಚವಿಲ್ಲದೆ ಹೇಳಿ. ಸಂಪಾದನೆ ಇಲ್ಲದವರಿಗೆ ಕಡಿಮೆ ದರ ಇಡುವುದಾದರೆ ಅದೂ ಎಲ್ಲರಿಗೂ ಗೊತ್ತಿರುವ ದರವಾಗಿರಲಿ. ಫಲಿತಾಂಶದ ಭರವಸೆ ಯಾರಿಗೂ ಕೊಡಬೇಡಿ. ಮೂರನೆಯ ಭೇಟಿಯ ಕೊನೆಗೆ, ಇದರಿಂದ ಉಪಯೋಗವಾಗುತ್ತಿದೆಯೇ ಎಂದು ಕೇಳಿ. ಇಲ್ಲವೆಂದರೆ ಉಳಿದ ಭೇಟಿಗಳ ಹಣವನ್ನು ಅದೇ ದಿನ ಹಿಂದಿರುಗಿಸಿ.