ಕಿವಿ ಮುಚ್ಚಿಕೊಂಡು ಹಾರರ್ ನೋಡಿ ವಿಮರ್ಶೆ ಮಾಡಿದ ನನ್ನ ಅನುಭವ

ಹಾರರ್ ಸಿನಿಮಾಕ್ಕೆ ಮಂಗಳವಾರ ವಿಮರ್ಶೆ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಶುಕ್ರವಾರ ಮಧ್ಯಾಹ್ನಕ್ಕೇ ಎಲ್ಲರ ಮೊಬೈಲಿಗೂ ತೀರ್ಪು ಬಂದಿರುತ್ತೆ, ಸೋಮವಾರ ಥಿಯೇಟರಿನಿಂದ ಸಿನಿಮಾನೇ ತೆಗೆದಿರುತ್ತಾರೆ, ಆಮೇಲೆ ನಿನ್ನ ಮಾತು ಯಾರಿಗೆ ಬೇಕು ಗುರು ಅಂದರು. ಸ್ಟಾರ್ ಕೊಡುವುದಿಲ್ಲ ಅಂದಾಗ ಇನ್ನೂ ಜೋರಾಗಿ ಬೈದರು. ಈಗ ತುಮಕೂರು, ಗುಬ್ಬಿ, ಶಿರಾ, ತಿಪಟೂರು ಕಡೆಯ ಸುಮಾರು 350 ಜನ ತಿಂಗಳಿಗೆ 20 ರೂಪಾಯಿ ಕೊಟ್ಟು ನನ್ನ ಆಡಿಯೋ ವಿಮರ್ಶೆ ಕೇಳುತ್ತಾರೆ. ಅದೂ ಬರೀ ದೆವ್ವ, ರಕ್ತ, ಥ್ರಿಲ್ಲರ್ ಸಿನಿಮಾಗಳ ಬಗ್ಗೆ. ಒಂದೊಂದು ವಿಮರ್ಶೆ ಏಳೆಂಟು ನಿಮಿಷ. ಬಂದ ದುಡ್ಡಿನಲ್ಲಿ ಟಿಕೆಟ್ಟು, ಬಸ್ಸು ಎಲ್ಲಾ ಕಳೆದರೂ ಸ್ವಲ್ಪ ಉಳಿಯುತ್ತೆ. ವಿಮರ್ಶೆ ಮಾಡುವ ಗೆಳೆಯರಿಗೆ ಗೊತ್ತು, ಟಿಕೆಟ್ ದುಡ್ಡು ವಾಪಸ್ ಬರುವುದೇ ದೊಡ್ಡ ವಿಷಯ ಅಲ್ವಾ.

ನನ್ನ ದಾರಿ ಇಷ್ಟೇ. ಪ್ರತಿ ಹಾರರ್ ಸಿನಿಮಾವನ್ನು ಥಿಯೇಟರಿನಲ್ಲೇ ಎರಡು ಸಲ ನೋಡುತ್ತೇನೆ. ಮೊದಲ ಸಲ ಸೆಕೆಂಡ್ ಶೋ, ಜನರ ಮಧ್ಯೆ, ಎಲ್ಲರ ಹಾಗೆ. ಎರಡನೇ ಸಲ ಕಿವಿ ಪೂರ್ತಿ ಮುಚ್ಚಿಕೊಂಡು. ಶಬ್ದ ತೆಗೆದ ಮೇಲೂ ಭಯ ಉಳಿದಿದೆಯಾ ಅಂತ ನೋಡುವುದು ನನ್ನ ಕೆಲಸ. ನಮ್ಮ ಹಾರರ್ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಭಯ ಸ್ಪೀಕರಿನಲ್ಲಿರುತ್ತೆ, ಪರದೆಯ ಮೇಲೆ ಇರುವುದಿಲ್ಲ. ಬಾಗಿಲು ಕಿರ್ ಅನ್ನುತ್ತೆ, ಆಮೇಲೆ ಮೌನ, ಆಮೇಲೆ ಢಮಾರ್. ಆ ಢಮಾರ್‌ಗೆ ಯಾರಾದರೂ ಬೆಚ್ಚುತ್ತಾರೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಬೆಚ್ಚುತ್ತಾರೆ. ಅದಕ್ಕೆ ನಿರ್ದೇಶಕರನ್ನು ಹೊಗಳುವುದು ನನಗೆ ಸರಿ ಕಾಣಲಿಲ್ಲ.

ಕಿವಿ ಮುಚ್ಚುವ ಕೆಲಸ ಅಷ್ಟು ಸುಲಭ ಅಲ್ಲ. ಮೊದಲು ಹತ್ತಿ ಇಟ್ಟೆ, ಏನೂ ಪ್ರಯೋಜನ ಆಗಲಿಲ್ಲ. ಆಮೇಲೆ ಹೊರಗಿನ ಗಲಾಟೆ ತಡೆಯುವ ಇಯರ್‌ಫೋನ್ ತಗೊಂಡೆ, ಮೂರು ಸಾವಿರದ ಹತ್ತಿರ ಹೋಯಿತು. ಅದು ಗುಂಯ್ ಅನ್ನುವ ಒಂದೇ ಸಮನೆಯ ಶಬ್ದ ತಡೆಯುತ್ತೆ, ಕಿರುಚಾಟ ಮಾತ್ರ ನೇರವಾಗಿ ಒಳಗೆ ಬರುತ್ತೆ. ಹಾರರ್‌ಗೆ ಅದು ಉಲ್ಟಾ. ಕೊನೆಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಅವರು ಮೆಷಿನ್ ಹತ್ತಿರ ಹಾಕಿಕೊಳ್ಳುವ, ಇಡೀ ಕಿವಿಯನ್ನೇ ಮುಚ್ಚುವ ಇಯರ್‌ಮಫ್ ಬಗ್ಗೆ ಹೇಳಿದ. ಒಳಗೆ ಫೋಮ್ ಇಯರ್‌ಪ್ಲಗ್, ಮೇಲೆ ಇಯರ್‌ಮಫ್. ಎರಡೂ ಸೇರಿ ಐನೂರು ರೂಪಾಯಿ ಒಳಗೆ ಮುಗಿಯಿತು. ಬೇಸ್ ಅನ್ನುವ ದಪ್ಪ ಸದ್ದು ಮಾತ್ರ ಸೀಟಿನಿಂದ, ಎದೆಯಿಂದ ಬರುತ್ತಲೇ ಇರುತ್ತೆ. ಅದಕ್ಕೂ ಒಂದು ಉಪಾಯ ಇದೆ, ಸೀಟು ಆರಿಸುವುದರಲ್ಲಿದೆ. ಯಾವ ಸೀಟು ಅಂತ ಮಾತ್ರ ಕೇಳಬೇಡಿ, ಅದು ಕಂಡುಕೊಳ್ಳೋಕೆ ನನಗೆ ಒಂದು ವರ್ಷ ಹಿಡಿಯಿತು.

ಇದಕ್ಕೂ ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಲೇಬೇಕು. ಕ್ಯಾಮೆರಾ, ಲೈಟು, ಮೈಕು ಅಂತ ಹತ್ತಿರ ಹತ್ತಿರ 40 ಸಾವಿರ ಹಾಕಿ ವಿಡಿಯೋ ಮಾಡಿದೆ. ಟ್ರೇಲರಿನ ತುಣುಕು ಹಾಕಿದ ವಿಡಿಯೋಗಳಿಗೆಲ್ಲ ಕಾಪಿರೈಟ್ ಅಂತ ಬಂದು, ಬಂದ ಅಷ್ಟಿಷ್ಟು ಜಾಹೀರಾತಿನ ಹಣವೂ ಹೋಯಿತು. ಒಂದು ವಾರಪತ್ರಿಕೆಯಲ್ಲಿ ಅಂಕಣ ಇತ್ತು, ಒಂದಕ್ಕೆ 300 ರೂಪಾಯಿ. ಸ್ಟಾರ್ ಹಾಕಲೇಬೇಕು ಅಂದರು, ನಾನು ಆಗಲ್ಲ ಅಂದೆ, ಅಂಕಣ ನಿಂತಿತು. ನನಗೆ ಇವತ್ತಿಗೂ ಅದರ ಬಗ್ಗೆ ಬೇಸರ ಇಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ರಾತ್ರಿ ನೋಡಬಹುದಾ, ಮಕ್ಕಳ ಜೊತೆ ನೋಡಬಹುದಾ, ಮನೆಗೆ ಬಂದ ಮೇಲೂ ಅದು ಬೆನ್ನು ಹತ್ತುತ್ತಾ, ಇಷ್ಟು ಹೇಳಿದರೆ ಜನರಿಗೆ ಮೂರೂವರೆ ಸ್ಟಾರಿಗಿಂತ ಜಾಸ್ತಿ ಉಪಯೋಗ.

ಈಗ ಸಿನಿಮಾಗಳಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಬಂದ ರಾಹುಲ್ ಸದಾಶಿವನ್ ಅವರ ಮಲಯಾಳಂ ಸಿನಿಮಾ ‘ಭ್ರಮಯುಗಂ’ ನೋಡೋಕೆ ಬೆಂಗಳೂರಿಗೆ ಎರಡು ಸಲ ಹೋದೆ. 70 ಕಿಲೋಮೀಟರ್ ದೂರ, ಟಿಕೆಟ್ಟು, ಬಸ್ಸು, ಊಟ ಸೇರಿ ಒಂದು ಸಲಕ್ಕೆ ಸಾವಿರದ ಹತ್ತಿರ. ಒಂದೊಂದು ಪೈಸೆಗೂ ಬೆಲೆ ಸಿಕ್ಕಿತು. ಕಪ್ಪು ಬಿಳುಪು, ಹಾಳು ಬಿದ್ದ ಮನೆ, ಮಳೆ, ಬೆರಳೆಣಿಕೆಯ ಜನ. ಕಿವಿ ಮುಚ್ಚಿದ ಮೇಲೆ ಮಮ್ಮುಟ್ಟಿಯವರ ಧ್ವನಿ ಹೋಯಿತು. ಆ ಧ್ವನಿಯೇ ಸಿನಿಮಾದ ಅರ್ಧ ಬಲ ಅಂತ ಎಲ್ಲರೂ ಹೇಳಿದ್ದರು. ಆದರೂ ಭಯ ಒಂಚೂರೂ ಇಳಿಯಲಿಲ್ಲ! ಅವರು ಕುಳಿತಿರುವ ರೀತಿ, ಪಗಡೆ ಆಡುವಾಗ ಎದುರಿಗಿರುವವನನ್ನು ನೋಡುವ ನೋಟ, ಅಷ್ಟೇ ಸಾಕಾಯಿತು. ಆ ಪಗಡೆಯಲ್ಲಿ ಪಣಕ್ಕಿಡುವುದು ದುಡ್ಡಲ್ಲ, ಮನುಷ್ಯನ ಕಾಲ. ಇಷ್ಟು ಭಯದ ಯೋಚನೆಯನ್ನು ಇಷ್ಟು ಸಾವಧಾನವಾಗಿ ಹೇಳಿದ ಸಿನಿಮಾ ಈಚೆಗೆ ನಾನು ನೋಡಿಲ್ಲ.

ಅದೇ ನಿರ್ದೇಶಕರ ‘ಡೀಯಸ್ ಈರೆ’ 2025ರ ಅಕ್ಟೋಬರ್ ಕೊನೆಗೆ ಬಂತು. ಕಿವಿ ಮುಚ್ಚಿದರೆ ಅರ್ಧಕ್ಕರ್ಧ ಭಯ ಹೋಯಿತು. ಆದರೆ ಇಲ್ಲಿ ಅದನ್ನು ದೋಷ ಅಂತ ನಾನು ಹೇಳಲಿಲ್ಲ. ಆ ಸಿನಿಮಾದಲ್ಲಿ ಗೆಜ್ಜೆಯ ಸದ್ದು ಕಥೆಯ ಒಳಗೇ ಇದೆ, ಸುಮ್ನೆ ಮೇಲಿಂದ ಸುರಿದದ್ದಲ್ಲ. ಈ ವ್ಯತ್ಯಾಸ ಹೇಳೋಕೆ ಎರಡು ಸಲ ನೋಡಲೇಬೇಕು. ಶುಕ್ರವಾರ ಮಧ್ಯಾಹ್ನ ಇಂಟರ್ವಲ್‌ನಲ್ಲೇ ಟೈಪ್ ಮಾಡುವವರಿಗೆ ಇದು ಸಿಗುವುದಿಲ್ಲ.

ಹಿಂದಿಯ ‘ಮುಂಜ್ಯಾ’ ನನ್ನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಉಪನಯನದ ನಂತರ ಸತ್ತ ಹುಡುಗ ದೆವ್ವ ಆಗುತ್ತಾನೆ ಅನ್ನುವ ಕೊಂಕಣದ ನಂಬಿಕೆ ಎಷ್ಟು ಚೆನ್ನಾಗಿದೆ! ಆದರೆ ಶಬ್ದ ತೆಗೆದರೆ ಆ ಗ್ರಾಫಿಕ್ಸ್ ಪ್ರಾಣಿ ಕಾರ್ಟೂನ್ ಆಗಿಬಿಡುತ್ತೆ. ‘ಸ್ತ್ರೀ 2’ ನಗಿಸುತ್ತೆ, ಭಯ ಕಡಿಮೆ. ಮೊದಲನೇ ‘ಸ್ತ್ರೀ’ ನಮ್ಮ ಕಡೆ ಬೇರೆ ಥರ ಕೆಲಸ ಮಾಡಿತ್ತು. ಅದರಲ್ಲಿ ಗೋಡೆಯ ಮೇಲೆ ‘ಓ ಸ್ತ್ರೀ, ನಾಳೆ ಬಾ’ ಅಂತ ಬರೆಯುವುದನ್ನು ನೋಡಿದ ತಕ್ಷಣ, ತೊಂಬತ್ತರ ದಶಕದಲ್ಲಿ ದೆವ್ವ ಒಳಗೆ ಬರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದನ್ನು ಕಂಡು ಬೆಳೆದ ನಮ್ಮಂಥವರಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಇದನ್ನು ಒಂದು ವಿಮರ್ಶೆಯಲ್ಲಿ ಹೇಳಿದ್ದಕ್ಕೆ ಮಧುಗಿರಿಯ ಒಬ್ಬ ಅಮ್ಮ ತಮ್ಮ ಹಳೇ ಮನೆಯ ಬಾಗಿಲಿನ ಕಥೆಯನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರು. ಅವತ್ತಿನಿಂದ ಅವರೂ 20 ರೂಪಾಯಿ ಕೊಡುತ್ತಾರೆ.

ನನಗೆ ಹೆಸರು ತಂದುಕೊಟ್ಟಿದ್ದು ‘ಸು ಫ್ರಮ್ ಸೋ’. 2025ರ ಜುಲೈ 25ಕ್ಕೆ ಬಂತು, ಜೆ.ಪಿ. ತುಮಿನಾಡು ಅವರದು. ಶುರುವಿನಲ್ಲಿ ಅಷ್ಟು ಶೋ ಇರಲಿಲ್ಲ. ಸೆಕೆಂಡ್ ಶೋನಲ್ಲಿ ನಾನು ಸಿನಿಮಾಕ್ಕಿಂತ ಜನರ ಮುಖವನ್ನೇ ಜಾಸ್ತಿ ನೋಡಿದೆ. ಸೋಮೇಶ್ವರದ ಸುಲೋಚನಾ ಮೈಮೇಲೆ ಬಂದಳು ಅನ್ನುವ ಸುದ್ದಿಗೆ ಊರಿಗೆ ಊರೇ ಹೇಗೆ ಆಡುತ್ತೆ ಅನ್ನುವುದೇ ಕಥೆ. ಜನ ನಕ್ಕು ನಕ್ಕು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಿದ್ದರು. ಮುಂದಿನ ಸಲ ನಗು ಇನ್ನೂ ಜೋರು. ಇದು ವಾರಗಟ್ಟಲೆ ಓಡುತ್ತೆ, ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಅಂತ ಮಂಗಳವಾರ ಹೇಳಿದೆ. ಆಮೇಲೆ ಬಾಯಿಂದ ಬಾಯಿಗೆ ಅದು ಎಷ್ಟು ದೂರ ಹೋಯಿತು ಅಂತ ನಿಮಗೇ ಗೊತ್ತು. ಆ ತಿಂಗಳು ನನಗೆ ಹೊಸದಾಗಿ ನೂರಕ್ಕೂ ಜಾಸ್ತಿ ಜನ ಸೇರಿದರು. ಮಂಗಳವಾರ ತಡ ಆಯ್ತು ಅಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ‘ತುಂಬಾಡ್’ 2018ರಲ್ಲಿ ಬಂದಾಗ ಸಿಗದ ದುಡ್ಡು 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟಾಗ ಸಿಕ್ಕಿತು. ಆರು ವರ್ಷ ಕಾದ ಸಿನಿಮಾಕ್ಕೆ ನಾಲ್ಕು ದಿನ ಕಾದ ವಿಮರ್ಶೆ ಯಾವ ತಡ?

ಇಂಗ್ಲಿಷ್ ಸಿನಿಮಾಗಳಲ್ಲಿ ‘ವೆಪನ್ಸ್’ ಕಿವಿ ಮುಚ್ಚಿದರೆ ಇನ್ನೂ ಭಯ. ರಾತ್ರಿ 2.17ಕ್ಕೆ ಒಂದೇ ಕ್ಲಾಸಿನ 17 ಮಕ್ಕಳು ಮನೆಯಿಂದ ಎದ್ದು ಕೈ ಚಾಚಿಕೊಂಡು ಕತ್ತಲಲ್ಲಿ ಓಡುತ್ತಾರಲ್ಲ, ಅದು ಸದ್ದಿಲ್ಲದೆ ನೋಡಿದಾಗ ನನ್ನ ಕೈ ತಣ್ಣಗಾಯಿತು. ‘ಸಿನರ್ಸ್’ ಮಾತ್ರ ನನ್ನ ದಾರಿಗೇ ಅಡ್ಡ ಬಂತು. 1932ರ ಮಿಸಿಸಿಪ್ಪಿ, ಬ್ಲೂಸ್ ಸಂಗೀತ, ರಕ್ತ ಹೀರುವವರು. ಸಂಗೀತವೇ ಅಲ್ಲಿ ದೆವ್ವವನ್ನು ಕರೆಯುತ್ತೆ, ಹಾಗಿರುವಾಗ ಕಿವಿ ಮುಚ್ಚಿ ಏನು ನೋಡುವುದು? ಅವತ್ತು ಇಯರ್‌ಮಫ್ ತೆಗೆದು, ಅರ್ಧ ಗಂಟೆ ಕಣ್ಣು ಮುಚ್ಚಿ ಬರೀ ಕೇಳಿದೆ. ಈಗ ಸಂಗೀತದ ಮೇಲೆ ನಿಂತ ಸಿನಿಮಾಗಳಿಗೆಲ್ಲ ಹೀಗೇ ಮಾಡುತ್ತೇನೆ.

ಇನ್ನೊಂದು ಪ್ರಯೋಗವೂ ಮಾಡಿದ್ದೆ. ಕೊರೊನಾ ಸಮಯದ ಆಕ್ಸಿಮೀಟರ್ ಮನೆಯಲ್ಲಿ ಬಿದ್ದಿತ್ತಲ್ಲ, ಅದನ್ನು ಇಬ್ಬರು ಗೆಳೆಯರ ಬೆರಳಿಗೆ ಹಾಕಿ ನಾಡಿ ನೋಡಿದೆ. ಢಮಾರ್ ಅಂದಾಗ ಇಪ್ಪತ್ತು ಇಪ್ಪತ್ತೈದು ಏರಿ, ಒಂದೆರಡು ನಿಮಿಷದಲ್ಲಿ ಇಳಿಯುತ್ತಿತ್ತು. ನಿಧಾನವಾಗಿ ಹೆದರಿಸುವ ಸಿನಿಮಾದಲ್ಲಿ ಏಳೆಂಟೇ ಏರುತ್ತಿತ್ತು, ಆದರೆ ಅರ್ಧ ಗಂಟೆಯಾದರೂ ಇಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದು ಇದೇ! ಆದರೆ ಎಸಿಗೆ ಬೆರಳು ತಣ್ಣಗಾದರೆ, ಕೈ ಅಲ್ಲಾಡಿದರೆ ಅಂಕಿ ಸರಿಯಾಗಿ ತೋರಿಸುವುದಿಲ್ಲ, ಅದರ ಕೆಂಪು ಬೆಳಕಿಗೆ ಅಕ್ಕಪಕ್ಕದವರು ಬೈದರು. ಥಿಯೇಟರಿನಲ್ಲಿ ಬಿಟ್ಟೆ, ಮನೆಯಲ್ಲಿ ಈಗಲೂ ಮಾಡುತ್ತೇನೆ. ನೋಡಿ ಬಂದವರನ್ನು ಗೇಟಿನ ಹತ್ತಿರ ನಾನು ಕೇಳುವ ಮೂರು ಪ್ರಶ್ನೆಗಳು ಇದರಿಂದಲೇ ಹುಟ್ಟಿದವು. ಆ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ.

ಈಗ ಕನ್ನಡದ ಹಳೇ ಸಿನಿಮಾಗಳಿಗೆ ಕೈ ಹಾಕಿದ್ದೇನೆ, ಮನೆಯಲ್ಲೇ, ಟಿವಿ ಮ್ಯೂಟ್ ಮಾಡಿ. 2013ರ ‘6-5=2’ ಚೆನ್ನಾಗಿಯೇ ನಿಂತಿತು. ದೊಡ್ಡ ನಟರಿಲ್ಲ, ಅಲ್ಲಾಡುವ ಕ್ಯಾಮೆರಾ, ಕಾಡು, ಅಷ್ಟರಲ್ಲೇ ಹೆದರಿಸುತ್ತೆ. 1979ರ ‘ನಾ ನಿನ್ನ ಬಿಡಲಾರೆ’ ಇನ್ನೂ ಗಟ್ಟಿ. ಮೈಮೇಲೆ ದೆವ್ವ ಬಂದಾಗ ಅನಂತ್ ನಾಗ್ ಅವರ ಕಣ್ಣು, ಕತ್ತು ತಿರುಗಿಸುವ ರೀತಿ ನೋಡಿ, ಒಂದು ಶಬ್ದವೂ ಬೇಡ. ಬಂಗಲೆ, ನಾಲ್ಕು ಜನ ಫ್ರೆಂಡ್ಸು, ಮೇಲೆ ಕಿವಿ ಹರಿಯುವ ಮ್ಯೂಸಿಕ್ಕು ಅಂತ ಈಗ ಹಾರರ್ ಮಾಡಲು ಹೊರಟಿರುವ ನಮ್ಮ ಹುಡುಗರು ಅದನ್ನು ಒಂದು ಸಲ ಮ್ಯೂಟ್ ಮಾಡಿ ನೋಡಬೇಕು. ಅದರ ಪೂರ್ತಿ ವಿಮರ್ಶೆ ಮುಂದಿನ ಮಂಗಳವಾರ ಕಳಿಸುತ್ತೇನೆ.